ಗಾಜಿನ ತೊಟ್ಟಿಯ ಜಮಾಖರ್ಚು



ಮುಂಬಯಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ 100 ಲೀಟರಿನ ಒಂದು ಸಮುದ್ರವಿದೆ: ಗಾಜಿನ ತೊಟ್ಟಿ, ಉಪ್ಪುನೀರು, ಎರಡು ಕ್ಲೌನ್ ಮೀನು. ಕಳೆದ ಮಳೆಗಾಲದಲ್ಲಿ ಕಲ್ಲುಗಳ ಮೇಲೆಲ್ಲ ಕೂದಲಿನಂಥ ಹಸುರು ಪಾಚಿ ಹಬ್ಬಿತು. ಅವಸರಪಟ್ಟು ಔಷಧಿ ಸುರಿದೆ. ಪಾಚಿ ಒಮ್ಮೆಗೇ ಸತ್ತು ಕೊಳೆಯಿತು. ನೀರಿನ ಆಮ್ಲಜನಕ ಕುಗ್ಗಿ, ಬೆಳಗಾಗುವಷ್ಟರಲ್ಲಿ ಒಂದು ಮೀನು ತೇಲುತ್ತಿತ್ತು. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಗುಮಾಸ್ತನಾದ ನನಗೆ ಲೆಕ್ಕ ಹೊಳೆದದ್ದು ಆಮೇಲೆ. ಮಿಕ್ಕ ಆಹಾರ, ಮೀನಿನ ಮಲ, ನಲ್ಲಿನೀರು ಇವುಗಳಿಂದ ಸೇರುವ ನೈಟ್ರೇಟು, ಫಾಸ್ಫೇಟುಗಳೇ ಜಮೆ. ನಾವು ಹೊರಹಾಕಿದ್ದು ಖರ್ಚು. ಉಳಿದ ಬಾಕಿಯೇ ಪಾಚಿ!

ಈಗ ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ. ದೀಪ 8 ಗಂಟೆ ಮಾತ್ರ. ವಾರಕ್ಕೊಮ್ಮೆ ಪಾಚಿಯನ್ನು ಕೈಯಿಂದಲೇ ಕಿತ್ತು, ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತೇನೆ. ಹೊಸದಕ್ಕೆ ಆರ್.ಓ. ನೀರು, ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು, ಅಡಿಗೆಯ ಉಪ್ಪಲ್ಲ. ಅಳಿದುಳಿದದ್ದನ್ನು ಎರಡು ಟರ್ಬೊ ಬಸವನಹುಳುಗಳು ಮೇಯುತ್ತವೆ.

ಮೂರು ತಿಂಗಳಲ್ಲಿ ಕಲ್ಲಿನ ಬಣ್ಣ ಮತ್ತೆ ಕಂಡಿತು. ಆಹಾರದ ಡಬ್ಬಿ ಈಗ ಮಗಳ ವಶ. ನಾನು ಒಂದು ಚಿಟಿಕೆ ಹೆಚ್ಚು ಹಾಕೆಂದರೆ, “ಬಾಕಿ ಬೆಳೀತದೆ, ಅಪ್ಪಾ” ಎನ್ನುತ್ತಾಳೆ.