ತೋಟದ ಕೆಲಸ ಮೊಣಗಂಟಿಗೆ ವ್ಯಾಯಾಮವಲ್ಲ

ಗಂಟು ನೋವಿನ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಮಕ್ಕಳು ಹೇಳುವುದು, “ಅಮ್ಮ, ನೀವು ಸುಮ್ಮನೆ ಒಂದು ಕಡೆ ಕುಳಿತುಕೊಳ್ಳಿ, ದುಡಿದದ್ದು ಸಾಕು.” ಹಿರಿಯರು ಹೇಳುವುದು, “ಬೆಳಗ್ಗಿನಿಂದ ಸಂಜೆಯವರೆಗೆ ತೋಟದಲ್ಲಿರುವ ನಮಗೆ ಇನ್ನೆಂಥ ವ್ಯಾಯಾಮ?” ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಪ್ರೀತಿಯಿಂದ ಆಡುವ ಮಾತು, ಆದರೆ ಹೆಚ್ಚು ಅಪಾಯ ಅದರಲ್ಲೇ ಇದೆ.

ಮೊಣಗಂಟಿನಲ್ಲಿ ಎಲುಬುಗಳು ಸೇರುವಲ್ಲಿ ಮೃದ್ವಸ್ಥಿ ಎಂಬ ನುಣುಪಾದ ಪದರವಿದೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರುಗಾಲಿನಲ್ಲಿ ಮಾಡಿದ ಕೆಲಸ, ಇವುಗಳಿಂದ ಅದು ಸವೆಯುತ್ತದೆ. ಈ ಪದರಕ್ಕೆ ರಕ್ತನಾಳಗಳಿಲ್ಲ. ಗಂಟಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದು ತೆರವಾದಾಗಲೆಲ್ಲ ಸ್ಪಂಜಿನಂತೆ ಅದನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅಲುಗಾಡದೆ ಕೂತರೆ ಗಂಟಿಗೆ ಉಪಕಾರವಾಗುವುದಿಲ್ಲ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಭಾರವೆಲ್ಲ ಗಂಟಿನ ಮೇಲೆಯೇ. ಕೊನೆಗೆ ಒಂದು ದಿನ ಶೌಚಕ್ಕೆ ಕೂತವರು ಏಳಲು ಸೊಸೆಯನ್ನು ಕರೆಯಬೇಕಾಗುತ್ತದೆ. ಆ ನಾಚಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ ಅಜ್ಜಿಯರು ನಮ್ಮ ವಾಳೆಗಳಲ್ಲಿದ್ದಾರೆ.

ತೋಟದ ಕೆಲಸದಲ್ಲಿ ದಣಿವು ಉಂಟು, ನಿಜ. ಆದರೆ ತಗ್ಗಿನ ಮಣೆಯಲ್ಲಿ ಕಾಲು ಮಡಚಿ ಗಂಟೆಗಟ್ಟಲೆ ಅಡಿಕೆ ಸುಲಿಯುವುದರಿಂದಾಗಲಿ, ಹುಲ್ಲಿನ ಹೊರೆ ಹೊತ್ತು ಗುಡ್ಡ ಇಳಿಯುವುದರಿಂದಾಗಲಿ ತೊಡೆಗೆ ಬೇಕಾದ ಬಲ ಕ್ರಮವಾಗಿ ಬರುವುದಿಲ್ಲ. ಗಂಟಿಗೆ ಮಾತ್ರ ಒತ್ತಡ. ಬೇಕಾದದ್ದು ದಿನಕ್ಕೆ ಕಾಲು ಗಂಟೆ ಮತ್ತು ಗಟ್ಟಿಯಾದ ಒಂದು ಕುರ್ಚಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆಯನ್ನು ಬಿಗಿಹಿಡಿದು, ಐದು ಎಣಿಸಿ ಇಳಿಸಿರಿ. ಪ್ರತಿ ಕಾಲಿಗೆ ಹತ್ತು ಸಲ. ಮಲಗಿರುವಾಗ ಬೈರಾಸನ್ನು ಸುರುಳಿ ಮಾಡಿ ಮೊಣಗಂಟಿನ ಅಡಿಗಿಟ್ಟು ಕೆಳಕ್ಕೆ ಒತ್ತಿ ಹಿಡಿಯಿರಿ. ಇವು ಸುಲಭವಾದ ಮೇಲೆ, ಕೈ ಊರದೆ ಕುರ್ಚಿಯಿಂದ ಎದ್ದು ಮೆಲ್ಲನೆ ಕೂರುವುದನ್ನು ಎಂಟು ಹತ್ತು ಸಲ ಮಾಡಿರಿ. ಮೊದಮೊದಲು ಕೈ ಊರಿದರೂ ಅಡ್ಡಿಯಿಲ್ಲ. ಇದರ ಮೇಲೆ ಸಮತಟ್ಟಾದ ಜಾಗದಲ್ಲಿ ನಡಿಗೆ.

ಆರಂಭದಲ್ಲಿ ನೋವು ತುಸು ಹೆಚ್ಚಾಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ. ಮರುದಿನದೊಳಗೆ ನೋವು ಎಂದಿನಂತಾದರೆ ಮುಂದುವರಿಸಿರಿ, ಇಲ್ಲವಾದರೆ ಸಂಖ್ಯೆ ಕಡಿಮೆ ಮಾಡಿರಿ, ನಿಲ್ಲಿಸಬೇಡಿರಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದೇನು ಮಹಾ!

ಬ್ರಿಟನ್ನಿನ ‘ನೈಸ್’ ಸಂಸ್ಥೆ 2022ರಲ್ಲಿ ವೈದ್ಯರಿಗೆ ಕೊಟ್ಟ ಮಾರ್ಗಸೂಚಿ ಈ ಕಾಯಿಲೆಯ ಎಲ್ಲರಿಗೂ ವ್ಯಾಯಾಮವನ್ನು ಸೂಚಿಸುತ್ತದೆ, ಗ್ಲುಕೋಸಮೈನ್ ಮಾತ್ರೆ ಕೊಡಬೇಡಿರಿ ಎನ್ನುತ್ತದೆ. ನಮ್ಮಲ್ಲಿ ನಡೆಯುವುದು ಉಲ್ಟಾ. ಮಾತ್ರೆಗೆ ಅಡಿಕೆ ಮಾರಿದ ಹಣ ಹೋಗುತ್ತದೆ, ವ್ಯಾಯಾಮಕ್ಕೆ ಪುರುಸೊತ್ತಿಲ್ಲ. ಗಂಟಿಗೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸೀತು. ಆದರೆ ಅಮೇರಿಕದಲ್ಲಿ 140 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ತಿಂಗಳಿಗೊಮ್ಮೆ ಎರಡು ವರ್ಷ ಅದನ್ನು ತೆಗೆದುಕೊಂಡವರ ಮೃದ್ವಸ್ಥಿ ಬರೀ ಉಪ್ಪುನೀರು ಚುಚ್ಚಿಸಿಕೊಂಡವರದ್ದಕ್ಕಿಂತ ಹೆಚ್ಚು ಸವೆದಿತ್ತು. ನೋವಿನಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡಬಹುದು. ಹೆಸರಿಲ್ಲದ ಪುಡಿಗಳ ವಿಷಯ ಹೇಳುವುದೇ ಬೇಡ, ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಕಂಡುಬಂದದ್ದುಂಟು.

ಮೈಭಾರ ಹೆಚ್ಚಿದ್ದವರ ನಡಿಗೆಯನ್ನು ಅಳೆದ 2005ರ ಒಂದು ಅಧ್ಯಯನದ ಪ್ರಕಾರ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಗಂಟಿನ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಇನ್ನು ಕೆಲಸವನ್ನು ಬಿಡಬೇಕೆಂದಿಲ್ಲ, ಮಾಡುವ ಕ್ರಮ ಬದಲಾಗಬೇಕು. ಅಡಿಕೆ ಸುಲಿಯುವವರು ಎತ್ತರದ ಸ್ಟೂಲಿನಲ್ಲಿ ಕುಳಿತು, ಕತ್ತಿಯನ್ನು ಮೇಜಿನ ಎತ್ತರಕ್ಕೆ ತರಲಿ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಬರಲಿ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಪೇಟೆಯಲ್ಲಿರುವ ಮಕ್ಕಳು ಅಮ್ಮನಿಗೆ ದೊಡ್ಡ ಟಿ.ವಿ. ತರುವ ಬದಲು ಕೂರುವ ಶೌಚಾಲಯವನ್ನು ಮಾಡಿಸಿ ಗೋಡೆಗೆ ಒಂದು ಹಿಡಿಕೆ ಹಾಕಿಸಲಿ. ಮನೆಯಲ್ಲಿ ಈ ವಿಷಯ ಯಾರೂ ಎತ್ತುವುದಿಲ್ಲ, ಹಾಗಾಗಿ ನಾನೇ ಎತ್ತುತ್ತಿದ್ದೇನೆ.

ಕಾಸರಗೋಡಿನವರಾದ ನಾವು ಏನಿದ್ದರೂ ಮಂಗಳೂರಿನ ಆಸ್ಪತ್ರೆಗಳತ್ತ ಮುಖ ಮಾಡುವವರು. 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಪಟ್ಟ ಕಷ್ಟ ಎಲ್ಲರಿಗೂ ನೆನಪಿದೆ. ಮನೆಯ ಕುರ್ಚಿಗೆ ಗಡಿಯ ತಡೆಯಿಲ್ಲ. ಆದರೂ ಗಂಟು ಹಠಾತ್ತನೆ ಬಾತು ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಅಥವಾ ಮಡಚಿದ ಕಾಲು ಬಿಡಿಸಲಾಗದೆ ಸಿಕ್ಕಿಕೊಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಮಂಡಿಯೂರಲು ಆಗುವುದಿಲ್ಲವೆಂದು ಪೂಜೆಗೆ ಬರುವುದನ್ನೇ ಬಿಟ್ಟವರಿಗೆ ಒಂದು ಮಾತು. ಆರೋಗ್ಯದ ಕಾರಣ ಮಂಡಿಯೂರದಿರಲು ಪೂಜಾವಿಧಿಯಲ್ಲೇ ಅವಕಾಶವಿದೆ. ನಿಂತು ತಲೆಬಾಗಿದರೆ ಸಾಕು, ನಿಲ್ಲಲಾಗದವರು ಕುಳಿತಿರಲಿ. ಪೂಜೆಯ ನಡುವೆ ಏಳುವಾಗ ಮುಂದಿನ ಬೆಂಚನ್ನು ಹಿಡಿಯದೆ ಏಳಲು ಪ್ರಯತ್ನಿಸಿರಿ. ಅದನ್ನೂ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.