ಪಿನ್ ಒತ್ತಿದವರಿಗೂ ರಕ್ಷಣೆ ಬೇಡವೇ?

‘ರೊಕ್ಕ ಹಾಕೇನ್ರಿ, ನೋಡ್ರಿ’ ಎಂದು ಗಿರಾಕಿ ಮೊಬೈಲ್ ತೋರಿಸಿದರೆ ಸೊಲ್ಲಾಪುರ ಜಿಲ್ಲೆಯ ಗಡಿಯೂರು ಮೈಂದರ್ಗಿಯ ಕಿರಾಣಿ ಅಂಗಡಿಯಲ್ಲಿ ವ್ಯಾಪಾರ ಮುಗಿದಂತೆ. ಆ ಪರದೆ ಅಸಲಿಯೋ ನಕಲಿಯೋ ಎಂದು ನೋಡಲು ಗದ್ದಲದ ಹೊತ್ತಿನಲ್ಲಿ ಯಾರಿಗೆ ಪುರಸೊತ್ತು? ಇದಕ್ಕಿಂತ ದೊಡ್ಡ ಮೋಸ ಫೋನಿನಲ್ಲಿ ಬರುತ್ತದೆ. ಹಳೆಯ ಬೈಕು ಮಾರಲು ಹೊರಟವನಿಗೆ, ‘ಅಡ್ವಾನ್ಸ್ ಕಳಿಸ್ತೀನಿ, ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಜಮಾ ಆಗುತ್ತೆ’ ಎನ್ನುತ್ತಾರೆ. ಒತ್ತಿದೊಡನೆ ಹಣ ಹೋಗುತ್ತದೆ. ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಬ್ಯಾಂಕುಗಳು ಇದನ್ನು ಹೇಳುತ್ತಲೇ ಇವೆ, ನಿಜ. ಹೇಳಿದ ಮೇಲೆ ತಮ್ಮ ಹೊಣೆ ತೀರಿತು ಎಂಬ ಧಾಟಿ ಮಾತ್ರ ಒಪ್ಪತಕ್ಕದ್ದಲ್ಲ.

ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರ ಕೈಚಳಕದಿಂದ ಹಣ ಹೋದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟ ತಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ಗ್ರಾಹಕನದೇ ತಪ್ಪೆಂದು ಸಾಧಿಸುವ ಭಾರವನ್ನೂ ಬ್ಯಾಂಕಿನ ಮೇಲೆಯೇ ಹೊರಿಸಿತು. ಒಳ್ಳೆಯ ನಿಯಮವೇ. ಆದರೆ ಮಾತಿಗೆ ಮರುಳಾಗಿ ತಾನೇ ಪಿನ್ ಒತ್ತಿದವನಿಗೆ ಅದರ ನೆರಳು ಸಿಗುವುದಿಲ್ಲ. ನಮ್ಮೂರುಗಳಲ್ಲಿ ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಇಂಥವರೇ. ಗಡಿಯ ಕನ್ನಡಿಗನಿಗಂತೂ ಮನೆಮಾತು ಕನ್ನಡ, ಕಚೇರಿ ಮರಾಠಿ, ಬ್ಯಾಂಕಿನ ಎಸ್ಎಂಎಸ್ ಇಂಗ್ಲಿಷ್.

ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಹೀಗೆ ಮೋಸಹೋದವರಿಗೂ 85,000 ಪೌಂಡ್‌ವರೆಗೆ ಹಣ ಮರಳಿಸುವುದು ಕಡ್ಡಾಯ. ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ತೆರಬೇಕು. ವಂಚಕನಿಗೆ ಖಾತೆ ತೆರೆದುಕೊಟ್ಟವರ ಜೇಬಿಗೂ ಕತ್ತರಿ ಬಿದ್ದರೆ ಬಾಡಿಗೆ ಖಾತೆಗಳ ದಂಧೆಗೆ ಕಡಿವಾಣ ಬಿದ್ದೀತು. ನಮ್ಮಲ್ಲಿಯೂ ವ್ಯವಸ್ಥೆಯೇ ಬದಲಾದದ್ದುಂಟು: ಒಬ್ಬರಿಂದೊಬ್ಬರು ಹಣ ಕೇಳುವ ‘ಕಲೆಕ್ಟ್’ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆ ದಾರಿ ಮುಚ್ಚಲು ಸಾಧ್ಯವಾದರೆ, ಅಪರಿಚಿತ ಖಾತೆಗೆ ದೊಡ್ಡ ಮೊತ್ತ ಹೋಗುವಾಗ ತುಸು ತಡೆದು, ಗ್ರಾಹಕನ ಭಾಷೆಯಲ್ಲೇ ‘ಹಣ ನಿಮ್ಮ ಖಾತೆಯಿಂದ ಹೋಗುತ್ತಿದೆ’ ಎಂದು ದೊಡ್ಡಕ್ಷರದಲ್ಲಿ ಎಚ್ಚರಿಸಲು ಏನು ಅಡ್ಡಿ?

ಅಲ್ಲಿಯವರೆಗೆ ಓದುಗರು ಮಾಡಬೇಕಾದದ್ದು ಇಷ್ಟು. ಹಣ ಹೋದೊಡನೆ ನಾಚಿಕೆ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ನಿಮ್ಮ ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೈಂದರ್ಗಿಯವರು ಸೊಲ್ಲಾಪುರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು.