ನಮ್ಮ ಲಾಂಛನದ ಮೂಲಪ್ರತಿ ಎಲ್ಲಿದೆ?

ಕಳೆದ ರಾಜ್ಯೋತ್ಸವದಂದು ಸಭಾಂಗಣದ ಬಾಗಿಲಿಗೆ ಕಟ್ಟಿದ್ದ ಮೂರು ಮೀಟರ್ ಅಗಲದ ಫಲಕವನ್ನು ನಿಂತು ನೋಡಿದವರಿಗೆ ಎರಡು ಸಂಗತಿಗಳು ಕಂಡಿರಬೇಕು. ಸಂಘದ ಲಾಂಛನದ ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದವು. ಅದರ ಕೆಳಗೆ ‘ರಾಜ್ಯೋತ್ಸವ’ ಎಂಬ ಪದವು ‘ರಾಜ್‌ಯೋತ್‌ಸವ’ ಎಂದು ಅಚ್ಚಾಗಿತ್ತು. ಹಿರಿಯರು ಸೌಜನ್ಯದಿಂದ ಸುಮ್ಮನಿದ್ದರು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಆಗಷ್ಟೇ ಒತ್ತಕ್ಷರ ಕಲಿತಿದ್ದ ಬಾಲಕಿಯೊಬ್ಬಳು ಮಾತ್ರ ಸುಮ್ಮನಿರಲಿಲ್ಲ. “ಹೀಗೂ ಬರೆಯಬಹುದೇ?” ಎಂದು ಕೇಳಿದಳು. ಫಲಕದ ಕೆಲಸ ವಹಿಸಿಕೊಂಡಿದ್ದವನು ನಾನೇ ಆದ್ದರಿಂದ ಉತ್ತರ ಹೇಳುವುದು ಕಷ್ಟವಾಯಿತು.

ತಪ್ಪು ಮುದ್ರಕರದೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕನ್ನಡ ಬಾರದ ಮುದ್ರಕರಿಗೆ, ಅವರ ಗಣಕದಲ್ಲಿಲ್ಲದ ಅಕ್ಷರವಿನ್ಯಾಸವನ್ನು ನಂಬಿ ಕಡತ ಕಳುಹಿಸಿದವರು ನಾವು. ಲಾಂಛನದ ಕಥೆ ಇನ್ನೂ ಕೆಟ್ಟದು. ಅದನ್ನು ರಚಿಸಿದ ಸ್ವಯಂಸೇವಕರು ಎಂದೋ ಬೇರೆ ಊರಿಗೆ ಹೋದರು. ಅವರ ಹಳೆಯ ಗಣಕದೊಂದಿಗೆ ಮೂಲಕಡತವೂ ಹೋಯಿತು. ಇಂದು ನಮ್ಮ ಬಳಿ ಉಳಿದಿರುವುದು ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಸವೆದ, ಅಂಗೈಯಗಲದ ಒಂದು ಚಿತ್ರ.

ಆದ್ದರಿಂದ ನನ್ನ ವಾದವಿಷ್ಟೇ: ಸಂಘದ ಎಲ್ಲ ವಿನ್ಯಾಸಗಳೂ ಇನ್ನು ಮುಂದೆ ವೆಕ್ಟರ್ ರೂಪದಲ್ಲಿ, ಯಾರು ಬೇಕಾದರೂ ತೆರೆಯಬಹುದಾದ ಕಡತಗಳಲ್ಲಿ ಇರಬೇಕು. ಅವನ್ನು ತಿದ್ದಬಲ್ಲವರು ಒಬ್ಬರಲ್ಲ, ಕನಿಷ್ಠ ನಾಲ್ವರಾದರೂ ನಮ್ಮಲ್ಲಿರಬೇಕು.

ಛಾಯಾಚಿತ್ರವು ಬಣ್ಣದ ಚುಕ್ಕೆಗಳ ರಾಶಿ. ಹಿಗ್ಗಿಸಿದರೆ ಚುಕ್ಕೆಗಳೇ ಕಾಣುತ್ತವೆ. ವೆಕ್ಟರ್ ಚಿತ್ರವಾದರೋ ರೇಖೆಗಳ ಗಣಿತ. ಲಾಂಛನವನ್ನು ಅಂಚೆಚೀಟಿಯಷ್ಟು ಕಿರಿದಾಗಿಸಿದರೂ ಗೋಡೆಯಷ್ಟು ಹಿರಿದಾಗಿಸಿದರೂ ಅಂಚು ಕೆಡದು. ಈ ವಕ್ರರೇಖೆಗಳಿಗೆ ರೆನೊ ಕಾರು ಸಂಸ್ಥೆಯ ಎಂಜಿನಿಯರ್ ಪಿಯರ್ ಬೆಜಿಯೇ ಅವರ ಹೆಸರಿದೆ. ಕಾರಿನ ಮೈಮಾಟಕ್ಕೆಂದು ಬಳಕೆಗೆ ಬಂದ ಗಣಿತವು ನಮ್ಮ ದುಂಡಕ್ಷರಗಳಿಗೆ ಹೇಳಿ ಮಾಡಿಸಿದಂತಿದೆ.

ಕಲಿಯಲು ನಾನು ಸೂಚಿಸುವುದು ಇಂಕ್‌ಸ್ಕೇಪ್ ತಂತ್ರಾಂಶವನ್ನು. 2003ರಿಂದ ಸ್ವಯಂಸೇವಕರೇ ಬೆಳೆಸಿಕೊಂಡು ಬಂದಿರುವ ಇದು ಉಚಿತ, ಮುಕ್ತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ಎಸ್‌ವಿಜಿ ಕಡತವು ಮುಕ್ತ ಮಾನಕವಾದುದರಿಂದ ಚಂದಾ ನಿಂತಿತೆಂದು ನಮ್ಮ ಚಿತ್ರಕ್ಕೆ ಬೀಗ ಬೀಳುವುದಿಲ್ಲ.

ಮೊದಲ ದಿನವೇ ಆಹ್ವಾನಪತ್ರಿಕೆಗೆ ಕೈ ಹಾಕಬೇಡಿ. ‘ಅ’ ಅಕ್ಷರದ ಒಂದು ಚಿತ್ರವನ್ನು ತಂದು, ಅದರ ಪದರಕ್ಕೆ ಬೀಗ ಹಾಕಿ, ಮೇಲೊಂದು ಹೊಸ ಪದರದಲ್ಲಿ ಲೇಖನಿ ಉಪಕರಣದಿಂದ ಅದರ ಅಂಚನ್ನು ಅನುಸರಿಸಿರಿ. ಹೊಸಬರು ಬೆರಳಿಗೊಂದು ಬಿಂದುವಿನಂತೆ ಇಡುತ್ತಾ ಹೋಗುತ್ತಾರೆ. ನಾನೂ ನಲವತ್ತಕ್ಕೂ ಹೆಚ್ಚು ಇಟ್ಟಿದ್ದೆ. ರೇಖೆ ನಡುಗಿದಂತೆ ಕಂಡಿತು. ಒಂದು ಪೂರ್ಣ ವೃತ್ತಕ್ಕೆ ನಾಲ್ಕೇ ಬಿಂದುಗಳು ಸಾಕು: ಮೇಲೆ, ಕೆಳಗೆ, ಎಡ, ಬಲ. ದುಂಡು ತಿರುಗುವ ತುದಿಗಳಲ್ಲಷ್ಟೇ ಬಿಂದುವಿಟ್ಟು, ಅದರ ಹಿಡಿಕೆಗಳನ್ನು ಎಳೆದು ಬಾಗಿಸಿದರೆ ಅಕ್ಷರ ತಾನೇ ನುಣುಪಾಗುತ್ತದೆ. ಚಿತ್ರವನ್ನು ತಾನಾಗಿಯೇ ರೇಖೆಗಳಾಗಿಸುವ ಸೌಲಭ್ಯವೂ ಉಂಟು. ನಮ್ಮ ಸವೆದ ಲಾಂಛನಕ್ಕೆ ಅದನ್ನು ಬಳಸಿದಾಗ ನೂರಾರು ಬಿಂದುಗಳ ಗೋಜಲು ದೊರೆಯಿತು. ಕೈಯಿಂದ ಬರೆಯುವುದೇ ಲೇಸು. ಚುಕ್ಕಿ ರಂಗೋಲಿ ಬಲ್ಲ ನಮ್ಮ ಮನೆಯಾಕೆ ಇದನ್ನು ನನಗಿಂತ ಬೇಗ ಹಿಡಿದರೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎಲ್ಲಿ ಚುಕ್ಕಿ ಬೇಡವೆಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಇನ್ನು ಅಕ್ಷರಗಳ ಮಾತು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಯುನಿಕೋಡ್ ಅಲ್ಲದ ಪಠ್ಯವಿದ್ದರೆ, ಆ ವಿನ್ಯಾಸವಿಲ್ಲದ ಗಣಕದಲ್ಲಿ ಅದು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಆದ್ದರಿಂದ ಯುನಿಕೋಡ್‌ನಲ್ಲೇ ಬರೆಯಬೇಕು. ನೋಟೋ, ಬಾಲೂ ತಮ್ಮ, ತಿರೋ ಕನ್ನಡ ಮೊದಲಾದ ಉಚಿತ ವಿನ್ಯಾಸಗಳು ಸಾಕಷ್ಟಿವೆ. ಇಂಕ್‌ಸ್ಕೇಪ್ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಮುದ್ರಣಕ್ಕೆ ಕಳುಹಿಸುವ ಮುನ್ನ ಪಠ್ಯವನ್ನು ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಬರಿಯ ರೇಖೆಗಳಾಗಿಸಿದರೆ ಯಾವ ಗಣಕವೂ ಅದನ್ನು ಒಡೆಯಲಾರದು. ಆದರೆ ಆಮೇಲೆ ಕಾಗುಣಿತ ತಿದ್ದಲು ಬಾರದು. ಹೀಗಾಗಿ ತಿದ್ದಬಹುದಾದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಲೇಬೇಕು. ಇದೊಂದು ಹೆಜ್ಜೆ ಗೊತ್ತಿದ್ದಿದ್ದರೆ ಆ ಬಾಲಕಿಯ ಮುಂದೆ ನಾನು ತಲೆ ತಗ್ಗಿಸಬೇಕಿರಲಿಲ್ಲ.

ದೋಷಗಳಿಲ್ಲವೇ? ಇವೆ. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಇಂಕ್‌ಸ್ಕೇಪ್ ದುರ್ಬಲ. ತೆರೆಯ ಮೇಲೆ ಹೊಳೆಯುವ ನಮ್ಮ ಅರಿಶಿನ-ಕುಂಕುಮ ಬಣ್ಣಗಳು ಕಾಗದದಲ್ಲಿ ಮಂಕಾಗಬಹುದು. ಮೊದಲೊಂದು ಮಾದರಿ ಅಚ್ಚು ಹಾಕಿಸಿ ನೋಡಬೇಕು. ದೊಡ್ಡ ಚಿತ್ರಗಳಲ್ಲಿ ವೇಗವೂ ಕಡಿಮೆ.

ಜಾಲದಲ್ಲಿ ಸಿದ್ಧ ಮಾದರಿಗಳಿರುವಾಗ ಈ ಶ್ರಮವೇಕೆ ಎಂದು ಕಾರ್ಯಕಾರಿ ಸಮಿತಿಯ ಕೆಲವರು ಕೇಳಿದ್ದಾರೆ. ಅವಸರದ ಪ್ರಕಟಣೆಗೆ ಅವು ಸಾಕು, ನಾನೂ ಬಳಸುತ್ತೇನೆ. ಆದರೆ ಅಲ್ಲಿನ ಖಾತೆ ಒಬ್ಬರ ಹೆಸರಿನಲ್ಲಿರುತ್ತದೆ, ಅವರು ಊರು ಬಿಟ್ಟರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಭಿತ್ತಿಪತ್ರಗಳನ್ನೂ ಈಚೆಗೆ ಕಂಡಿದ್ದೇನೆ; ದೂರದಿಂದ ಕನ್ನಡದಂತೆ ತೋರುವ, ಹತ್ತಿರ ಹೋದರೆ ಯಾವ ಲಿಪಿಯೂ ಅಲ್ಲದ ಸುರುಳಿಗಳವು. ಅದಕ್ಕಿಂತ ನನ್ನ ನಡುಗುವ ‘ಅ’ ವಾಸಿ.

ಯುಗಾದಿಯೊಳಗೆ ಲಾಂಛನವನ್ನು ಮೊದಲಿನಿಂದ ಬರೆದು ಮುಗಿಸುವ ಆಸೆಯಿದೆ. ಹಳೆಯ ಸ್ಮರಣ ಸಂಚಿಕೆಯ ಮುಖಪುಟ ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಮಡಿಸದೆ, ಮುಂದಿನ ಭಾನುವಾರ ತರಗತಿಗೆ ತಂದುಕೊಡಬೇಕಾಗಿ ಕೋರುತ್ತೇನೆ.